ಮರಳಿ ಬರುವ ಊತಕ್ಕೆ ಲೆಕ್ಕ ಬೇಡವೆ?

ಬೆಳಗ್ಗೆ ಎದ್ದಾಗ ತುಟಿ ಊದಿಕೊಂಡಿದ್ದರೆ ‘ತಿಂದದ್ದೇನೋ ಒಗ್ಗಲಿಲ್ಲ’ ಎಂದು ಸಮಾಧಾನ ತಾಳುವುದು ರೂಢಿ. ವಾಶಿಯಿಂದ ಮುಂಜಾನೆಯ ರೈಲು ಹಿಡಿಯಬೇಕಾದ ಉದ್ಯೋಗಿಗೆ ಔಷಧದಂಗಡಿಯ ಎರಡು ಮಾತ್ರೆಗಳೇ ವೈದ್ಯ. ಊತ ಇಳಿಯುತ್ತದೆ, ಸಂಗತಿ ಮರೆತುಹೋಗುತ್ತದೆ. ಆದರೆ ಅದೇ ಊತ ತಿಂಗಳುಗಳ ಬಳಿಕ ಮರಳಿ ಬಂದು, ಪ್ರತಿಸಲವೂ ತುಸು ಉಳಿದುಕೊಂಡು, ಕಡೆಗೆ ತುಟಿ ದಪ್ಪವಾಗಿಯೇ ನಿಂತುಬಿಟ್ಟರೆ ಅದನ್ನು ಅಲರ್ಜಿಯೆಂದು ತಳ್ಳಿಹಾಕುವುದು ವಿವೇಕವಲ್ಲ.

ಇಂಥ ಅಪರೂಪದ ವ್ಯಾಧಿಯೊಂದುಂಟು. ಸ್ವೀಡನ್ನಿನ ವೈದ್ಯ ಮೆಲ್ಕರ್ಸನ್ 1928ರಲ್ಲಿ ಮುಖದ ಊತಕ್ಕೂ ಮುಖದ ಪಾರ್ಶ್ವವಾಯುವಿಗೂ ಇರುವ ನಂಟನ್ನು ಗುರುತಿಸಿದರು. ಜರ್ಮನಿಯ ರೋಸೆಂತಾಲ್ 1931ರಲ್ಲಿ ಬಿರುಕುಬಿಟ್ಟ ನಾಲಗೆಯನ್ನು ಮೂರನೆಯ ಲಕ್ಷಣವಾಗಿ ಸೇರಿಸಿದರು. ರೋಗಕ್ಕೆ ಇಬ್ಬರ ಹೆಸರೂ ಉಳಿದಿದೆ. ಮೂರೂ ಲಕ್ಷಣಗಳು ಒಟ್ಟಿಗೆ ಕಾಣಿಸುವುದು ವಿರಳ. ಒಂದಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಸಂದಿರಬಹುದು.

ತೊಡಕಿರುವುದು ಇಲ್ಲಿಯೇ. ವಲಸೆ ಬಂದವರ ಬಾಳು ಒಬ್ಬನೇ ವೈದ್ಯನ ಕಣ್ಣೆದುರು ಸಾಗುವುದಿಲ್ಲ. ಮೊದಲ ಊತವನ್ನು ಊರಿನ ವೈದ್ಯರು, ಎರಡನೆಯದನ್ನು ಡೊಂಬಿವಲಿಯವರು, ಬಾಯಿ ವಾರೆಯಾದುದನ್ನು ವಾಶಿಯವರು ನೋಡಿದರೆ ಮೂರನ್ನೂ ಕೂಡಿಸುವವರಾರು? ಬಿಡಿಗಾಸನ್ನೂ ಪಾಸ್‌ಬುಕ್ಕಿನಲ್ಲಿ ತಾಳೆನೋಡುವ ಗೃಹಸ್ಥರು ದೇಹದ ಲೆಕ್ಕವನ್ನು ಮಾತ್ರ ಬರೆದಿಡದಿರುವುದು ವಿಷಾದದ ಸಂಗತಿ. ಊತ ಬಂದ ದಿನ, ಉಳಿದ ಅವಧಿ, ಸೇವಿಸಿದ ಮದ್ದು, ಒಂದು ಭಾವಚಿತ್ರ: ಇಷ್ಟು ಸಾಕು.

ಈ ಲೆಕ್ಕ ಕೈಯಲ್ಲಿದ್ದರೆ ಚರ್ಮತಜ್ಞರಿಗೆ ದಾರಿ ಸುಗಮ. ತುಟಿಯ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಕ್ಷಯ, ಕುಷ್ಠ, ಕರುಳಿನ ಕ್ರೋನ್ ರೋಗ ಮೊದಲಾದವುಗಳಲ್ಲವೆಂದು ಅವರು ನಿಶ್ಚಯಿಸಿಕೊಳ್ಳುತ್ತಾರೆ. ತಾನಾಗಿ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಕುರುಹುಗಳು ಮಸುಕಾಗುತ್ತವೆ. ಅಡಗಿದ ಕ್ಷಯ ಕೆರಳಲೂಬಹುದು. ಅದೇ ಸ್ಟೀರಾಯ್ಡ್ ತಜ್ಞರ ಕೈಯಲ್ಲಿ, ತುಟಿಗೆ ಕೊಡುವ ಚುಚ್ಚುಮದ್ದಾಗಿ ಉಪಕಾರಿ. ಕೆಲವರಿಗೆ ಕ್ಲೋಫಾಜಿಮಿನ್ ಕೊಡುವುದುಂಟು. ಅದು ಕುಷ್ಠರೋಗದ ಮದ್ದೆಂದು ತಿಳಿದೊಡನೆ ಮನೆಮಂದಿ ಗಾಬರಿಯಿಂದ ನಿಲ್ಲಿಸಿಬಿಡುವುದು ಸಲ್ಲದು. ಮದ್ದು ಒಂದಾದ ಮಾತ್ರಕ್ಕೆ ರೋಗ ಒಂದಾಗದು. ಪೂರ್ಣ ಗುಣದ ಭರವಸೆ ಯಾರೂ ಕೊಡಲಾರರು. ಹತೋಟಿಯಂತೂ ಅನೇಕರಿಗೆ ಸಾಧ್ಯ.

ಉಸಿರು ಕಟ್ಟಿದರೆ, ನಾಲಗೆ ಊದಿದರೆ, ಬಾಯಿ ಹಠಾತ್ತನೆ ವಾರೆಯಾದರೆ ಲೆಕ್ಕ ಬರೆಯುತ್ತ ಕೂರದೆ ಕೂಡಲೆ ಆಸ್ಪತ್ರೆಗೆ ಧಾವಿಸಬೇಕು. ಉಳಿದಂತೆ ನೆರೂಲಿನ ಡಿ. ವೈ. ಪಾಟೀಲ ಆಸ್ಪತ್ರೆಯಲ್ಲಾಗಲಿ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಾಗಲಿ ಚರ್ಮರೋಗ ವಿಭಾಗಗಳಿವೆ. ಊದಿದ ತುಟಿಯನ್ನು ಸೆರಗಿನಲ್ಲಿ ಮರೆಮಾಡಿ, ಮದುವೆ-ಮುಂಜಿಗಳಿಗೂ ಹೋಗದೆ ಮನೆಯಲ್ಲುಳಿಯುವವರು ಆ ಒಂದು ಪುಟದ ಲೆಕ್ಕವನ್ನು ಹಿಡಿದು ಅಲ್ಲಿನ ಮೆಟ್ಟಿಲೇರಲಿ.