ವೇಷದ ರಾಯಭಾರ

ಬಡವನೆಂದರೆ ಹರಕು ಬಟ್ಟೆ. ರಂಗಸ್ಥಳದಲ್ಲಿಯೂ ಹಾಗೆಯೇ ಎಂದು ನಾವು ಎಣಿಸುವೆವು. ಆದರೆ ಚೀನಾ ದೇಶದ ಸಂಗೀತ ನಾಟಕದಲ್ಲಿ ತಿರುಕನು ತೊಡುವುದು ರೇಷ್ಮೆಯ ನಿಲುವಂಗಿಯನ್ನು. ಅದರ ಮೇಲೆ ಬಣ್ಣಬಣ್ಣದ ರೇಷ್ಮೆಯ ತೇಪೆಗಳಿರುವುವು, ಅಷ್ಟೇ. ಅವರು ಅದನ್ನು ಕರೆಯುವುದು ಸಿರಿವಂತಿಕೆಯ ಉಡುಪೆಂದು! ಇಂದು ತಿರಿದುಣ್ಣುವವನು ಕಥೆಯ ಕೊನೆಗೆ ಭಾಗ್ಯಶಾಲಿಯಾಗುವನೆಂಬ ಸೂಚನೆಯು ಆ ಹೆಸರಿನಲ್ಲಿದೆ. ಇದನ್ನರಿಯದ ಪರದೇಶದವನು ಆ ತೇಪೆಗಳನ್ನು ಬರಿಯ ಅಲಂಕಾರವೆಂದು ಬಗೆದರೆ ತಪ್ಪು ಯಾರದು?

ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು ಪ್ರಖ್ಯಾತ ಸ್ತ್ರೀಪಾತ್ರಧಾರಿಗಳಾದ ಮೆಯ್ ಲಾನ್‌ಫಾಂಗ್ (1894–1961). ನಮ್ಮ ಕಂಪೆನಿ ನಾಟಕಗಳಲ್ಲಿಯೂ ಗಂಡಸರು ಹೆಣ್ಣುವೇಷ ಕಟ್ಟುತ್ತಿದ್ದರಷ್ಟೆ. 1930ರಲ್ಲಿ ಅವರು ತಂಡದೊಡನೆ ಅಮೇರಿಕಕ್ಕೆ ಹೋದರು. ಚೀನೀ ಕೂಲಿಗಾರರು ಒಳಗೆ ಬಾರದಂತೆ 1882ರಿಂದಲೂ ಕಾಯಿದೆ ಮಾಡಿಕೊಂಡಿದ್ದ ದೇಶವದು. ಮೆಯ್ ಅವರ ಮಿತ್ರರಾದ ಚಿ ರೂಷಾನ್ ಎಂಬ ವಿದ್ವಾಂಸರು ಉಡುಪು, ಶಿರೋಭೂಷಣ, ಮುಖದ ಬಣ್ಣ ಇವುಗಳ ಚಿತ್ರಪಟಗಳನ್ನು ಬರೆಯಿಸಿ ಸಿದ್ಧಮಾಡಿದ್ದರು. ಆಟಕ್ಕೆ ಮೊದಲು ಚೀನೀ ಮೂಲದ ಮಹಿಳೆಯೊಬ್ಬರು ಕಥೆಯನ್ನೂ ಸಂಕೇತಗಳನ್ನೂ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಜನರು ತುಂಬಿ ಬಂದರು. ಕ್ಯಾಲಿಫೋರ್ನಿಯಾದ 2 ವಿದ್ಯಾಸಂಸ್ಥೆಗಳು ಮೆಯ್ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತುವು. ಆದರೂ ವೇಷದ ಮಹಿಮೆಯನ್ನು ನಾವು ಉಬ್ಬಿಸಿ ಹೇಳಲಾರೆವು. ಆ ಕಾಯಿದೆಯು ರದ್ದಾದುದು 1943ರಲ್ಲಿ, ಚೀನಾ ದೇಶವು ಯುದ್ಧದಲ್ಲಿ ಅಮೇರಿಕದ ಮಿತ್ರನಾದ ಮೇಲೆಯೇ.

1935ರಲ್ಲಿ ಮಾಸ್ಕೋ ನಗರದಲ್ಲಿ ಮೆಯ್ ಅವರನ್ನು ಕಂಡವರಲ್ಲಿ ಜರ್ಮನಿಯ ನಾಟಕಕಾರ ಬ್ರೆಕ್ಟ್ ಒಬ್ಬರು. ರೇಷ್ಮೆಯ ತೇಪೆ ಬಡತನದ ಗುರುತೆಂಬುದನ್ನು ಅವರು ಸರಿಯಾಗಿ ಗ್ರಹಿಸಿದರು. ಸೇನಾಪತಿಯ ಬೆನ್ನಿನ ಬಾವುಟಗಳ ವಿಷಯದಲ್ಲಿ ಮಾತ್ರ ಎಡವಿದರು: ಬಾವುಟಗಳೆಷ್ಟೋ ಅವನ ಕೈಕೆಳಗಿನ ದಂಡುಗಳೂ ಅಷ್ಟು ಎಂದು ಬರೆದರು. ದಂಡು ಎಷ್ಟೇ ಇರಲಿ, ವಾಡಿಕೆಯಂತೆ ಬಾವುಟಗಳು ನಾಲ್ಕೇ! ಆದರೆ ನಟನು ಪಾತ್ರವನ್ನು ತೋರಿಸುವನೇ ಹೊರತು ತಾನೇ ಪಾತ್ರವಾಗಿಬಿಡುವುದಿಲ್ಲವೆಂಬ ಅವರ ವಿಚಾರಕ್ಕೆ ಆ ಆಟದಿಂದ ಬಲವು ಬಂದಿತು. ಅರೆತಿಳಿವಳಿಕೆಯೂ ಒಮ್ಮೊಮ್ಮೆ ಫಲ ಕೊಡುವುದುಂಟು. ಹಾಗೆಂದು ಅದನ್ನೇ ನೆಚ್ಚಬಾರದು. ನಮ್ಮ ಯಕ್ಷಗಾನದ ಮೇಳಗಳು ಹೊರನಾಡಿಗೆ ಹೋಗುವಾಗ ಬಣ್ಣದ ವೇಷದ ಅರ್ಥವನ್ನು ತಿಳಿಸಬಲ್ಲ ಒಬ್ಬರು ಜೊತೆಗಿರುವುದು ಲೇಸೆಂದು ನಮಗೆ ತೋರುತ್ತದೆ.

ಮೆಯ್ ಅವರು ಮೊದಲು ಹೋದ ಪರದೇಶವು ಜಪಾನು. 1919ರಲ್ಲಿಯೂ 1924ರಲ್ಲಿಯೂ ಅಲ್ಲಿನ ಜನರು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದೇ ಜಪಾನಿನ ಸೈನ್ಯವು 1937ರಿಂದ ಚೀನಾ ದೇಶವನ್ನು ತುಳಿಯಿತು. 1941ರ ಡಿಸೆಂಬರಿನಲ್ಲಿ ಅವರು ನೆಲಸಿದ್ದ ಹಾಂಗ್‌ಕಾಂಗ್ ಸಹ ವಶವಾಯಿತು. ಆಗ ಮೆಯ್ ಅವರು ಮೀಸೆ ಬಿಟ್ಟರು. ಮೀಸೆ ಹೊತ್ತ ಮುಖಕ್ಕೆ ರಾಣಿಯ ವೇಷವನ್ನು ಕಟ್ಟುವುದೆಂತು? ವೇಷ ತೊಡುವುದಿಲ್ಲವೆಂಬ ಆ ಮೌನವು ಯಾರಿಗೂ ವಿವರಣೆಯಿಲ್ಲದೆ ಅರ್ಥವಾಯಿತು.

1945ರಲ್ಲಿ ಯುದ್ಧವು ಮುಗಿದ ಮೇಲೆ ಮೀಸೆಯನ್ನು ತೆಗೆದು ರಂಗಕ್ಕೆ ಮರಳಿದರು. 1956ರಲ್ಲಿ, 60 ದಾಟಿದ ವಯಸ್ಸಿನಲ್ಲಿ, ತಂಡವನ್ನು ಕಟ್ಟಿಕೊಂಡು ಮತ್ತೆ ಜಪಾನಿಗೇ ಹೋದರು. ಪೀಕಿಂಗ್ ಸರ್ಕಾರಕ್ಕೂ ಟೋಕಿಯೋ ಸರ್ಕಾರಕ್ಕೂ ಆಗ ರಾಯಭಾರದ ಸಂಬಂಧವೇ ಇರಲಿಲ್ಲ; ಅದು ಕೂಡಿಬಂದುದು 1972ರಲ್ಲಿ.