ಯಂತ್ರ ಕೊಂದರೆ ಜವಾಬು ಯಾರದು?

ಬೋಗಾದಿಯ ಬಾಡಿಗೆ ರೂಮುಗಳಲ್ಲಿ, ಪಕ್ಕದ ಗಂಗೋತ್ರಿಯ ಹಾಸ್ಟೆಲುಗಳಲ್ಲಿ ಓದುತ್ತಿರುವ ನಮಗೆ ಯುದ್ಧಯಂತ್ರಗಳ ಮಾತು ದೂರದ್ದು ಅನ್ನಿಸಬಹುದು. ದೂರದ್ದಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಅವುಗಳ ಪರೀಕ್ಷೆ ನಡೆಯುತ್ತಿದೆ.

ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲಿನಲ್ಲಿ ತಲೆತಲಾಂತರದಿಂದ ದನ, ಕುರಿ ಮೇಯುತ್ತಿದ್ದವು. ಆ ಕಾವಲಿನ 4,290 ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಹೋಯಿತು. ಮೇವು ಕಳಕೊಂಡ ಹಳ್ಳಿಯವರು ಹೋರಾಡಿದರು, ಹಸಿರು ನ್ಯಾಯಮಂಡಳಿವರೆಗೂ ದೂರು ಹೋಯಿತು. ಆದರೂ 2017ರಲ್ಲಿ ಅಲ್ಲಿ ಪರೀಕ್ಷಾ ನೆಲೆ ಉದ್ಘಾಟನೆ ಆಯಿತು. 2022ರ ಜುಲೈ 1ರಂದು ಪೈಲಟ್ ಇಲ್ಲದ ವಿಮಾನವೊಂದು ಅಲ್ಲಿ ತಾನೇ ಎದ್ದು, ತಾನೇ ಹಾರಿ, ತಾನೇ ಇಳಿಯಿತು. ಅದು ಬರೀ ಪ್ರಯೋಗದ ವಿಮಾನ, ನಿಜ. ಅಲ್ಲೇ ಪರೀಕ್ಷೆಗೊಳಗಾದ ‘ತಪಸ್’ ಡ್ರೋನ್ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಬಿತ್ತು. ಬಿದ್ದದ್ದು ರೈತರ ಹೊಲ ತೋಟಗಳ ನಡುವೆ.

ತಾನೇ ಹಾರುವುದು ಒಂದು ಹೆಜ್ಜೆ. ಯಾರನ್ನು ಕೊಲ್ಲಬೇಕು ಅಂತ ತಾನೇ ಆರಿಸುವುದು ಮುಂದಿನ ಹೆಜ್ಜೆ. ಇಂಥ ಆಯುಧಗಳ ಅಪಾಯವನ್ನು ತುರ್ತಾಗಿ ಚರ್ಚಿಸಬೇಕೆಂಬ ನಿರ್ಣಯ 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಗೆ ಬಂತು. 152 ದೇಶಗಳು ಪರವಾಗಿ ಕೈ ಎತ್ತಿದವು. ವಿರೋಧಿಸಿದ್ದು ನಾಲ್ಕೇ ದೇಶ. ಅದರಲ್ಲಿ ನಮ್ಮ ಭಾರತವೂ ಒಂದು! ಜಿನೀವಾದ ಮಾತುಕತೆಯೇ ಸಾಕು ಅನ್ನುವುದು ಸರ್ಕಾರದ ವಾದ. ಈ ಮತ ಹಾಕುವ ಮುಂಚೆ ಯಾರನ್ನು ಕೇಳಿದರು?

ಯಂತ್ರಕ್ಕೆ ಜಾತಿ ಇಲ್ಲವಲ್ಲ ಅಂತ ಕೆಲವು ಗೆಳೆಯರು ಹೇಳ್ತಾರೆ. ಯಂತ್ರ ಕಲಿಯುವುದು ಮನುಷ್ಯ ಬರೆದಿಟ್ಟ ದಾಖಲೆಯಿಂದ. ಆ ದಾಖಲೆ ಬರೆದೋರು ಯಾರು? 1871ರ ಕಾಯ್ದೆ ಹುಟ್ಟಿನಿಂದಲೇ ಎಷ್ಟೋ ಬುಡಕಟ್ಟುಗಳನ್ನು ಅಪರಾಧಿಗಳೆಂದು ಪಟ್ಟಿಮಾಡಿತು. ಅದು ರದ್ದಾದದ್ದು 1952ರಲ್ಲಿ. ಕಾಯ್ದೆ ಹೋಯಿತು, ಪೊಲೀಸರ ಅನುಮಾನ ಹೋಗಲಿಲ್ಲ. ಆ ಅನುಮಾನವನ್ನೇ ಯಂತ್ರಕ್ಕೆ ಉಣಿಸಿದರೆ ಅದು ಯಾರ ಕಡೆ ಬೆರಳು ತೋರಿಸುತ್ತೆ? ಗುಂಡು ಹೊಡೆದ ಮನುಷ್ಯನನ್ನು ಕೋರ್ಟಿಗೆ ಎಳೆಯಬಹುದು. ಯಂತ್ರವನ್ನು ಕಟಕಟೆಗೆ ನಿಲ್ಲಿಸೋದು ಹೇಗೆ? ಮಾಡಿದೋರು ಯಾರು ಅಂತ ಗೊತ್ತಾಗದ ಹಿಂಸೆ ನಮ್ಮ ಕೇರಿಗಳಿಗೆ ಹೊಸದೇನಲ್ಲ.

ರಕ್ಷಣೆಯ ವಿಷಯ ಗುಟ್ಟಿನದು, ನಿಮಗ್ಯಾಕೆ ಅಂತ ಬಾಯಿ ಮುಚ್ಚಿಸ್ತಾರೆ. 1951ರಲ್ಲಿ ಮಂತ್ರಿಗಿರಿ ಬಿಟ್ಟು ಬಂದ ಬಾಬಾಸಾಹೇಬರು, ದೇಶದ 350 ಕೋಟಿ ವರಮಾನದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗ್ತಿದೆ ಅಂತ ಬಹಿರಂಗವಾಗಿ ಹೇಳಿದರು. ಅದು ದೇಶದ್ರೋಹವಾಗಿತ್ತೇ? ಗಡಿ ಕಾಯೋರಲ್ಲಿ ನಮ್ಮ ಕೇರಿ ಹುಡುಗರೂ ಇದ್ದಾರೆ. ಅವರ ಪ್ರಾಣದ ಬೆಲೆ ಗೊತ್ತಿರೋದ್ರಿಂದಲೇ ನಾವು ಕೇಳ್ತಿದ್ದೇವೆ.

ನಮ್ಮ ಒತ್ತಾಯ ಮೂರು. ಕೊಲ್ಲುವ ತೀರ್ಮಾನ ಮನುಷ್ಯನ ಕೈಯಲ್ಲೇ ಇರಬೇಕು, ಆ ಮನುಷ್ಯನ ಹೆಸರು ದಾಖಲಾಗಬೇಕು. ಇದಕ್ಕೆ ಸಂಸತ್ತಿನಲ್ಲಿ ಕಾನೂನು ಆಗಬೇಕು. ಪರೀಕ್ಷೆಗೆ ನೆಲ ಹಿಡಿಯುವ ಮುಂಚೆ ಆ ಊರಿನ ಗ್ರಾಮಸಭೆಯನ್ನು ಕೇಳಬೇಕು.

ಇಂಜಿನಿಯರಿಂಗ್, ವಿಜ್ಞಾನ ಓದುವ ಗೆಳೆಯರೇ, ನಾಳೆ ಈ ಯಂತ್ರ ಮಾಡುವ ಕೆಲಸ ನಿಮಗೂ ಸಿಗಬಹುದು. ಹೋಗಿ, ಕಲಿಯಿರಿ. ಪ್ರಶ್ನೆ ಕೇಳೋದನ್ನು ಮಾತ್ರ ಗೇಟಿನ ಹೊರಗೆ ಬಿಟ್ಟು ಹೋಗಬೇಡಿ.

ಜೈ ಭೀಮ್.