ಅದ್ಭುತ ಕಾದಂಬರಿಗಳ ವೀರನಾಯಿಕೆಯರು

ನಮ್ಮ ಬಾಲಿಕೆಯರು ಪಠ್ಯಪುಸ್ತಕಗಳ ಹೊರತು ಬೇರೇನನ್ನೂ ಓದುವದಿಲ್ಲವೆಂದು ಕೆಲವರು ವ್ಯಸನಪಡುತ್ತಾರೆ. ಓದುವ ಬಾಲಿಕೆಯರ ಕೈಯಲ್ಲಿರುವ ಪುಸ್ತಕಗಳನ್ನು ನೋಡಿ ಮತ್ತೆ ಕೆಲವರು ವ್ಯಸನಪಡುತ್ತಾರೆ. ಈಚಿನ ವರ್ಷಗಳಲ್ಲಿ ಆ ಕೈಗಳಲ್ಲಿ ಆಗಾಗ ಕಾಣುವವು ಆಂಗ್ಲ ಭಾಷೆಯ ಅದ್ಭುತ ಕಾದಂಬರಿಗಳು. ಬೆಂಕಿಯುಗುಳುವ ಘಟಸರ್ಪ, ಮಂತ್ರವಾದಿ, ಮಾಯದ ಖಡ್ಗ, ಆ ಖಡ್ಗವನ್ನು ಹಿಡಿದ ಕನ್ಯೆ, ಅವಳನ್ನು ಪ್ರೀತಿಸುವ ಅರಸು, ಇವೆಲ್ಲವೂ ಅವುಗಳಲ್ಲಿ ಉಂಟು. “ಇದೆಲ್ಲಾ ಸುಳ್ಳಲ್ಲವೆ? ಪ್ರಣಯವನ್ನು ಬಿಟ್ಟರೆ ಇದರಲ್ಲಿ ಕಲಿಯತಕ್ಕದ್ದೇನು?” ಎಂದು ತಾಯಿತಂದೆಗಳು ಕೇಳುವದುಂಟು. ಪ್ರಶ್ನೆ ನ್ಯಾಯವಾದದ್ದೇ. ಇಂಥ ಪುಸ್ತಕಗಳನ್ನು ಸಂತೋಷದಿಂದ ಓದುವವರಲ್ಲಿ ನಾನೂ ಒಬ್ಬಳಾಗಿರುವದರಿಂದ ನನಗೆ ತೋಚಿದ ಉತ್ತರವನ್ನು ಇಲ್ಲಿ ಅರಿಕೆಮಾಡುತ್ತೇನೆ.

ವೀರನಾಯಿಕೆಯೂ ಪ್ರಣಯವೂ ಕೂಡಿದ ಅದ್ಭುತ ಕಥೆ ನಮಗೆ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಬಲ್ಲವರಿಗೆ ಪ್ರಮೀಳೆಯ ಪರಿಚಯವಿದೆ. ಸ್ತ್ರೀರಾಜ್ಯದ ಒಡತಿಯಾದ ಆಕೆ ಅಶ್ವಮೇಧದ ಕುದುರೆಯನ್ನು ಕಟ್ಟಿಸಿ ಅರ್ಜುನನಿಗೇ ಎದುರಾಗಿ ನಿಂತಳು. ಕಡೆಗೆ ಅವರಿಬ್ಬರಿಗೂ ವಿವಾಹಸಂಬಂಧವು ಏರ್ಪಟ್ಟಿತು. ಅಲ್ಲಿಂದ ಕುದುರೆಯು ಮುಂದಕ್ಕೆ ಹೋಯಿತು. ಕಥೆಯೂ ಕುದುರೆಯ ಹಿಂದೆಯೇ ಹೋಯಿತು. ಒಂದು ರಾಜ್ಯವನ್ನು ಆಳಿದ ಆ ರಾಣಿಯು ಮದುವೆಯ ತರುವಾಯ ತನ್ನ ಸಾಮರ್ಥ್ಯವನ್ನು ಯಾವದಕ್ಕೆ ವಿನಿಯೋಗಿಸಿದಳೆಂದು ಕೇಳುವವರು ವಿರಳ.

ಆದುದರಿಂದ ನಾಯಿಕೆಯ ಕೈಯಲ್ಲಿ ಖಡ್ಗವಿದ್ದ ಮಾತ್ರಕ್ಕೆ ಆಕೆಯು ಸಬಲೆಯೆಂದು ನಾನು ಒಪ್ಪಲಾರೆನು. ಪ್ರಣಯವಿದ್ದ ಮಾತ್ರಕ್ಕೆ ಪುಸ್ತಕವು ಕೆಟ್ಟದ್ದೆಂದೂ ಒಪ್ಪಲಾರೆನು. ಎರಡು ಸಂಗತಿಗಳನ್ನು ವಿಚಾರಿಸಬೇಕು. ಒಲ್ಲೆನೆಂದು ಹೇಳುವ ಸ್ವಾತಂತ್ರ್ಯವು ಅವಳಿಗಿತ್ತೆ? ಒಪ್ಪಿದ ಮೇಲೆ ಅವಳ ಕೆಲಸವು ಅವಳಿಗೆ ಉಳಿಯಿತೆ?

ಮೊದಲನೆಯ ಪ್ರಶ್ನೆಗೆ ನಮ್ಮ ಕನ್ನಡ ಜನಪದ ಕಥೆಯೊಂದು ಒಳ್ಳೇ ದೃಷ್ಟಾಂತ. ಎ. ಕೆ. ರಾಮಾನುಜನ್ ಅವರ ಸಂಗ್ರಹದ ಮೂಲಕ ಆಂಗ್ಲ ವಾಚಕರಿಗೂ ತಲಪಿದ ಆ ಕಥೆಯಲ್ಲಿ ಬಡ ಹುಡುಗಿಯೊಬ್ಬಳು ಹೂಬಿಡುವ ಮರವಾಗಬಲ್ಲಳು. ಅವಳನ್ನು ಮದುವೆಯಾದ ರಾಜಕುಮಾರನು ತನ್ನೆದುರಿಗೆ ಮರವಾಗೆಂದು ಹಟಹಿಡಿಯುತ್ತಾನೆ. ಅವಳು ಮನಸ್ಸಿಲ್ಲದೆ ಒಪ್ಪುತ್ತಾಳೆ. ಗುಟ್ಟು ಹೊರಬಿದ್ದ ಮೇಲೆ ಗಂಡನ ತಂಗಿಯೂ ಆಕೆಯ ಗೆಳತಿಯರೂ ಆ ಮರದ ಕೊಂಬೆಗಳನ್ನು ಮುರಿದುಹಾಕಲು, ಅವಳು ಕೈಕಾಲಿಲ್ಲದವಳಾಗುತ್ತಾಳೆ. ಪ್ರೀತಿಯ ಹೆಸರಿನಲ್ಲಿ ಮಾಡುವ ಬಲಾತ್ಕಾರದ ಫಲವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವದು ಕಷ್ಟ. ಮರವಾಗುವ ಹುಡುಗಿ ಲೋಕದಲ್ಲಿಲ್ಲ. ಹಟಹಿಡಿಯುವ ಗಂಡನು ಇದ್ದಾನೆ. ಅದ್ಭುತ ಕಥೆಯೆಲ್ಲಾ ಸುಳ್ಳೆನ್ನುವವರಿಗೆ ಇದೇ ನನ್ನ ಉತ್ತರ.

ಇದರ ಜೊತೆಗೆ ಅಮೆರಿಕಾದ ರಾಬಿನ್ ಮೆಕಿನ್ಲಿ ಎಂಬ ಗ್ರಂಥಕರ್ತ್ರಿಯು 1978ರಲ್ಲಿ ಪ್ರಕಟಿಸಿದ ‘ಬ್ಯೂಟಿ’ಯನ್ನು ಓದಬಹುದು. ಫ್ರೆಂಚ್ ಭಾಷೆಯಲ್ಲಿ 1740ರಲ್ಲೇ ಅಚ್ಚಾದ ಸುಂದರಿ ಮತ್ತು ಮೃಗದ ಕಥೆಯನ್ನು ಆಕೆ ಹೊಸದಾಗಿ ಹೇಳಿದ್ದಾಳೆ. ಪುಸ್ತಕಪ್ರಿಯಳಾದ ಆ ಹುಡುಗಿಯನ್ನು ಮೃಗವು ಪ್ರತಿರಾತ್ರಿಯೂ “ನನ್ನನ್ನು ಮದುವೆಯಾಗುತ್ತೀಯಾ?” ಎಂದು ಕೇಳುತ್ತದೆ. ಅವಳು ಪ್ರತಿರಾತ್ರಿಯೂ ಇಲ್ಲವೆನ್ನುತ್ತಾಳೆ. ಆ ಉತ್ತರದಿಂದ ಅವಳಿಗೆ ಊಟ ತಪ್ಪುವದಿಲ್ಲ, ಪುಸ್ತಕಶಾಲೆಯ ಬಾಗಿಲು ಮುಚ್ಚುವದಿಲ್ಲ. ಆ ಮನೆಗೆ ಅವಳು ತಂದೆಯ ನಿಮಿತ್ತ ಬಂದವಳಾಗಿ, ಪೂರ್ಣ ಸ್ವತಂತ್ರಳಲ್ಲವೆಂಬದನ್ನು ಮರೆಯಬಾರದು. ಆದರೂ ಇಲ್ಲವೆಂಬ ಮಾತನ್ನು ಸಿಟ್ಟಿಲ್ಲದೆ ಕೇಳಿಕೊಳ್ಳುವ ಗಂಡಸು ಹೇಗಿರುತ್ತಾನೆಂದು ನಮ್ಮ ಬಾಲಿಕೆಯರು ಪುಸ್ತಕದಲ್ಲಾದರೂ ಕಾಣುವದು ಲಾಭವೇ.

ಅದೇ ಗ್ರಂಥಕರ್ತ್ರಿಯ ‘ದ ಬ್ಲೂ ಸೋರ್ಡ್’ (1982) ಅನೇಕರಿಗೆ ಅಚ್ಚುಮೆಚ್ಚಿನದು. ನನಗೆ ಅದರಲ್ಲಿ ಒಂದು ಆಕ್ಷೇಪವುಂಟು. ಹ್ಯಾರಿ ಎಂಬ ತರುಣಿಯನ್ನು ಗುಡ್ಡಗಾಡಿನ ಅರಸನು ರಾತ್ರಿಯಲ್ಲಿ ಎತ್ತಿಕೊಂಡು ಹೋಗುತ್ತಾನೆ. ಕಡೆಗೆ ಅವರಿಬ್ಬರೂ ದಂಪತಿಗಳಾಗುತ್ತಾರೆ. ಅವನು ಮಂತ್ರಶಕ್ತಿಯ ಪ್ರೇರಣೆಯಿಂದ ಹಾಗೆ ಮಾಡಿದನು, ಅವಳನ್ನು ಗೌರವದಿಂದ ನಡಿಸಿದನು ಎಂದು ಅಭಿಮಾನಿಗಳು ಹೇಳುವದು ಸರಿ. ಆದರೂ ಅಪಹರಣವು ಪ್ರೇಮದ ಪೀಠಿಕೆಯಾಗಬಹುದೆಂದು ಯಾವ ಹುಡುಗಿಯೂ ತಿಳಿಯಬಾರದು. ಆ ಪುಸ್ತಕದಲ್ಲಿ ನಾನು ಮೆಚ್ಚುವದು ಮತ್ತೊಂದು ಭಾಗವನ್ನು. ಶತ್ರುಸೈನ್ಯವು ಒಂದು ಕಣಿವೆಯ ಮೂಲಕ ಬಂದೀತೆಂದು ಹ್ಯಾರಿಗೆ ತೋರುತ್ತದೆ, ಅರಸನು ಒಪ್ಪುವದಿಲ್ಲ. ತಾನು ಪ್ರೀತಿಸುವವನ ಅಪ್ಪಣೆಯನ್ನೂ ಮೀರಿ ಅವಳು ಆ ಕಣಿವೆಯನ್ನು ಕಾಯಲು ಹೋಗುತ್ತಾಳೆ. ಪ್ರೀತಿಸಿದವಳು ತನ್ನ ಬುದ್ಧಿಯನ್ನು ಒಪ್ಪಿಸಿಬಿಡಬೇಕಾಗಿಲ್ಲವೆಂಬದು ಅಲ್ಲಿ ಚೆನ್ನಾಗಿ ತೋರುತ್ತದೆ.

ಎರಡನೆಯ ಪ್ರಶ್ನೆಗೆ ಮೆಕಿನ್ಲಿಯವರ ‘ದ ಹೀರೋ ಅಂಡ್ ದ ಕ್ರೌನ್’ (1984) ತಕ್ಕ ಉತ್ತರ ಕೊಡುತ್ತದೆ. ಇದಕ್ಕೆ 1985ರಲ್ಲಿ ಅಮೆರಿಕಾದ ಬಾಲಸಾಹಿತ್ಯದ ನ್ಯೂಬೆರಿ ಪದಕವು ದೊರೆಯಿತು. ಏರಿನ್ ಎಂಬ ರಾಜಪುತ್ರಿಯು ಘಟಸರ್ಪವನ್ನು ಕೊಲ್ಲುತ್ತಾಳೆಂಬದು ಎಲ್ಲರ ನೆನಪಿನಲ್ಲೂ ಉಳಿಯುವ ಸಂಗತಿ. ನನ್ನ ನೆನಪಿನಲ್ಲಿ ಉಳಿದಿರುವದು ಅದಕ್ಕೆ ಮುಂಚಿನ ಅವಳ ಸಾಧನೆ. ಆಸ್ಥಾನದವರ ತಿರಸ್ಕಾರಕ್ಕೆ ಗುರಿಯಾದ ಅವಳು ಒಂದು ಹಳೇ ಗ್ರಂಥದಲ್ಲಿ ಬೆಂಕಿ ತಗಲದಂತೆ ಕಾಪಾಡುವ ಲೇಪದ ವಿಷಯವನ್ನು ಓದುತ್ತಾಳೆ. ಸರಿಯಾದ ಪ್ರಮಾಣವು ಸಿಕ್ಕುವವರೆಗೆ ಬೆರಕೆಯನ್ನು ಬದಲಿಸುತ್ತ, ಬೆಂಕಿಗೊಡ್ಡಿ ಪರೀಕ್ಷಿಸುತ್ತ, ವರ್ಷಗಟ್ಟಳೆ ಒಬ್ಬಳೇ ದುಡಿಯುತ್ತಾಳೆ. ತಂದೆಯ ಕುಂಟ ಯುದ್ಧಾಶ್ವವನ್ನು ತಾನೇ ಪಳಗಿಸಿಕೊಳ್ಳುತ್ತಾಳೆ. ಪ್ರಯೋಗಶಾಲೆಯಲ್ಲಿ ನಿಂತ ಯಾವ ಬಾಲಿಕೆಗಾದರೂ ಇದು ತನ್ನ ಕಥೆಯೆಂದು ತೋರೀತು. ಏರಿನಳ ಹೃದಯದಲ್ಲಿ ಇಬ್ಬರು ಪುರುಷರಿಗೆ ಸ್ಥಳವಿರುವದು ಕೆಲವು ವಾಚಕರಿಗೆ ಒಪ್ಪಿಗೆಯಾಗಲಾರದು. ಆದರೆ ಅವಳು ಪ್ರೇಮದ ನಿಮಿತ್ತ ತನ್ನ ದೇಶವನ್ನು ಬಿಟ್ಟು ಓಡುವದಿಲ್ಲ. ಯುದ್ಧದಲ್ಲಿ ನೊಂದ ರಾಜ್ಯಕ್ಕೆ ಮರಳಿ ಬಂದು, ಅದರ ರಾಣಿಯಾಗುತ್ತಾಳೆ. ವಿವಾಹದಿಂದ ಅವಳ ಕೆಲಸವು ಮುಗಿಯುವದಿಲ್ಲ.

ವಿವಾಹವೇ ಇಲ್ಲದೆ ಮುಗಿಯುವ ಒಂದು ಪುಸ್ತಕವನ್ನೂ ಹೆಸರಿಸಬೇಕು. ಉರ್ಸುಲಾ ಲೆ ಗ್ವಿನ್ ಅವರ ‘ದ ಟೂಂಬ್ಸ್ ಆಫ್ ಅಟುವಾನ್’ (1971) ಎಂಬದರಲ್ಲಿ ಟೆನಾರಳನ್ನು ಮಗುವಾಗಿರುವಾಗಲೇ ತಾಯಿತಂದೆಗಳಿಂದ ಅಗಲಿಸಿ, ಹೆಸರನ್ನೂ ಕಸಿದುಕೊಂಡು, ಕತ್ತಲೆಯ ಶಕ್ತಿಗಳ ಪೂಜಾರಿಣಿಯಾಗಿ ಮಾಡುತ್ತಾರೆ. ಗೆಡ್ ಎಂಬ ಮಾಂತ್ರಿಕನ ಸಹಾಯದಿಂದ ಅವಳು ಹೊರಗೆ ಬರುತ್ತಾಳೆ; ಆದರೆ ಬಿಡುಗಡೆಯಾಗುವ ನಿರ್ಣಯವು ಅವಳದೇ. ಬಿಡುಗಡೆಯಾದವಳಿಗೆ ಉಂಟಾಗುವದು ಆನಂದ ಮಾತ್ರವಲ್ಲ, ಭಯವೂ ಹೌದು. ಇದು ಮನುಷ್ಯಸ್ವಭಾವವನ್ನು ಬಲ್ಲವರ ಮಾತು. ಲೆ ಗ್ವಿನ್ ಅವರು 1990ರಲ್ಲಿ ‘ತೆಹಾನು’ ಎಂಬ ಪುಸ್ತಕದಲ್ಲಿ ಇದೇ ಟೆನಾರಳ ನಡುಹರೆಯವನ್ನು ವರ್ಣಿಸಿದರು. ಈಗ ಅವಳು ರೈತನೊಬ್ಬನ ವಿಧವೆ, ಬೆಳೆದ ಮಕ್ಕಳ ತಾಯಿ. ಸುಟ್ಟಗಾಯಗಳಿಂದ ವಿಕಾರಗೊಂಡ ಬಾಲೆಯನ್ನು ಸಾಕುತ್ತಾಳೆ. ಮಂತ್ರಶಕ್ತಿಯನ್ನು ಕಳಕೊಂಡು ಬಂದ ಗೆಡ್‌ನಿಗೆ ಆಶ್ರಯವನ್ನೂ ಕಡೆಗೆ ಪ್ರೀತಿಯನ್ನೂ ಕೊಡುತ್ತಾಳೆ. ಖಡ್ಗ, ಕಾಳಗಗಳನ್ನು ನಿರೀಕ್ಷಿಸುವವರಿಗೆ ಇದು ನೀರಸವೆನಿಸೀತು. ಅಡಿಗೆಮನೆಯಲ್ಲಿಯೂ ಮೇಕೆಗಳ ಹಟ್ಟಿಯಲ್ಲಿಯೂ ದುಡಿಯುವ ನಡುವಯಸ್ಸಿನ ಹೆಂಗಸು ಅದ್ಭುತ ಕಥೆಯ ನಾಯಿಕೆಯಾಗಬಹುದೆಂದು ತೋರಿಸಿದ್ದು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಧೈರ್ಯವಲ್ಲ.

ಈ ವರ್ಗದ ಎಲ್ಲಾ ಪುಸ್ತಕಗಳೂ ಎಲ್ಲಾ ವಯಸ್ಸಿನವರಿಗೂ ತಕ್ಕವೆಂದು ನನ್ನ ಅಭಿಪ್ರಾಯವಲ್ಲ. ಈಚೆಗೆ ಬಹಳವಾಗಿ ಮಾರಾಟವಾಗುತ್ತಿರುವ ಪ್ರಣಯಪ್ರಧಾನ ಅದ್ಭುತ ಕಾದಂಬರಿಗಳಲ್ಲಿ ಹಲವು ವಯಸ್ಕರಿಗಾಗಿಯೇ ಬರೆದವು. ಹದಿಮೂರು ವರುಷದವಳ ಕೈಗೆ ಅವುಗಳನ್ನು ಕೊಡುವ ಮೊದಲು ದೊಡ್ಡವರು ಓದಿ ನೋಡಬೇಕು. ಓದದೆ ಹೊದಿಕೆಯ ಚಿತ್ರವನ್ನು ಮಾತ್ರ ನೋಡಿ ನಿಷೇಧಿಸುವದು ನ್ಯಾಯವಲ್ಲ.

ಪುಸ್ತಕದ ಬೀರುವಿಗೆ ಬೀಗ ಹಾಕುವದು ಸುಲಭ. ಬೀಗ ಹಾಕಿದ ಪುಸ್ತಕವನ್ನು ಹುಡುಗಿಯು ಬೇರೆ ಕಡೆ ಒಬ್ಬಳೇ ಓದುವಳು. ಆಗ ಅವಳೊಡನೆ ಮಾತಾಡುವವರು ಇರುವದಿಲ್ಲ. ಅದಕ್ಕಿಂತ, ತಾಯಂದಿರೇ, ನಿಮ್ಮ ಮಗಳು ಪುಸ್ತಕವನ್ನು ಮುಗಿಸಿದಾಗ ಹತ್ತಿರ ಕೂತು ಕೇಳಿರಿ: ಅವಳು ಒಲ್ಲೆನೆನ್ನಬಹುದಾಗಿತ್ತೆ? ಮದುವೆಯಾದ ಮೇಲೆ ಏನು ಮಾಡಿದಳು? ಮಗಳ ಉತ್ತರವನ್ನು ಕೊನೆಯ ತನಕ ಕೇಳಿರಿ. ಅವಳ ಸ್ವಂತ ವಿವಾಹದ ಮಾತು ಬರುವ ದಿನ ಇದೇ ಎರಡು ಪ್ರಶ್ನೆಗಳನ್ನು ಅವಳು ನಿಮ್ಮನ್ನು ಕೇಳಿದರೆ, ಅದಕ್ಕೆ ಉತ್ತರ ಕೊಡಲು ನಾವು ದೊಡ್ಡವರು ಸಿದ್ಧರಾಗಿರಬೇಕು.

— ಮುಖ್ಯೋಪಾಧ್ಯಾಯಿನಿ